ಮಣೆಯಾಟದಿಂದ ಬುದ್ಧಿಗೆ ಸಾಣೆ: ಆಟ ಆರಿಸುವುದು, ಆಡುವುದು, ಆಡಿದ್ದನ್ನು ತಿರುಗಿ ನೋಡುವುದು

ದಿನಕ್ಕೆರಡು ಆಟ ಚೆಸ್ ಆಡಿದ ಮಾತ್ರಕ್ಕೆ ಬುದ್ಧಿ ಚುರುಕಾಗುವುದಿಲ್ಲ. ಮೊದಲ ಕೆಲವು ತಿಂಗಳು ಪ್ರತಿ ನಡೆಗೂ ತಲೆ ಕೆರೆದುಕೊಳ್ಳಬೇಕಾಗುತ್ತದೆ, ಆಮೇಲೆ ಕೈಯೇ ಕಾಯಿ ನಡೆಸತೊಡಗುತ್ತದೆ. ಅದೇ ಆರಂಭ, ಅದೇ ಜೊತೆಗಾರ, ಅದೇ ತಪ್ಪು. ಆಟ ಸಾಗುತ್ತಿರುತ್ತದೆ, ಯೋಚನೆ ನಿಂತುಹೋಗಿರುತ್ತದೆ. ಮಿದುಳಿಗೆ ಕೆಲಸ ಸಿಗುವುದು ಮುಂದಿನ ನಡೆ ಗೊತ್ತಾಗದೆ ತಡವರಿಸುವಾಗ, ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡುವಾಗ, ಮರೆತದ್ದನ್ನು ಕಷ್ಟಪಟ್ಟು ನೆನಪಿಗೆ ತಂದುಕೊಳ್ಳುವಾಗ. ಅಂಥ ಗಳಿಗೆಗಳನ್ನು ಬೇಕೆಂದೇ ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇವೆ. ಯಾವ ವಯಸ್ಸಿನವರಿಗಾದರೂ ಇದು ಹೊಂದುತ್ತದೆ. ವಯಸ್ಸಾದವರಿಗೆ ಬೇಕಾದ ಮಾರ್ಪಾಡುಗಳನ್ನು ಅಲ್ಲಲ್ಲಿ ಹೇಳಿದ್ದೇವೆ.

ಎಷ್ಟು ನಿರೀಕ್ಷಿಸಬಹುದು

ನ್ಯೂಯಾರ್ಕ್‌ನ ಬ್ರಾಂಕ್ಸ್ ಭಾಗದಲ್ಲಿ 75 ವರ್ಷ ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದುವವರು, ಮಣೆಯಾಟ ಆಡುವವರು, ವಾದ್ಯ ನುಡಿಸುವವರು ಮತ್ತು ನೃತ್ಯ ಮಾಡುವವರಲ್ಲಿ ಮರೆಗುಳಿ ಕಾಯಿಲೆ ಕಡಿಮೆ ಕಂಡುಬಂತು. ಮಣೆಯಾಟದ ಪರವಾಗಿ ಮಾತಾಡುವವರೆಲ್ಲ ಇದನ್ನು ಹೇಳುತ್ತಾರೆ. ಇದರ ಜೊತೆಗೇ ಹೇಳಬೇಕಾದ ಇನ್ನೊಂದಿದೆ. ಫ್ರಾನ್ಸ್‌ನ ಬೋರ್ಡೋ ಸುತ್ತಮುತ್ತಲಿನ 3,675 ಹಿರಿಯರನ್ನು 20 ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಬಂತು. ಮಣೆಯಾಟ ಆಡುವವರಲ್ಲಿ ಮರೆಗುಳಿತನದ ಅಪಾಯ ಶೇ 15ರಷ್ಟು ಕಡಿಮೆ ಇತ್ತು. ಆದರೆ ಶುರುವಿನಲ್ಲೇ ಯಾರ ಬುದ್ಧಿಶಕ್ತಿ ಹೇಗಿತ್ತು, ಯಾರಿಗೆ ಖಿನ್ನತೆ ಇತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ವ್ಯತ್ಯಾಸ ಬಹುಪಾಲು ಕರಗಿಹೋಯಿತು. ಆಡುವುದರಿಂದ ಬುದ್ಧಿ ಉಳಿಯುತ್ತದೋ, ಬುದ್ಧಿ ಉಳಿದವರೇ ಹೆಚ್ಚು ಆಡುತ್ತಾರೋ ಎಂಬುದನ್ನು ಇಂಥ ಅಧ್ಯಯನಗಳಿಂದ ಬಿಡಿಸಿ ಹೇಳಲಾಗದು. ಆದ್ದರಿಂದ ಮಣೆಯಾಟವನ್ನು ಔಷಧಿಯೆಂದು ಮಾರುವವರ ಮಾತಿಗೆ ಮರುಳಾಗಬೇಡಿ.

ಅಭ್ಯಾಸದ ದೃಷ್ಟಿಯಿಂದ ಇವೆರಡಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಮನೋವಿಜ್ಞಾನ ಸಂಶೋಧಕರಾದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ. ನಿಜವಾದ ಆಟದ ನಡುವಿನ ಚೆಸ್ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ನುರಿತ ಆಟಗಾರರು ಹೊಸಬರಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಅವುಗಳ ಮನೆಗಳಲ್ಲೇ ಮತ್ತೆ ಇಟ್ಟರು. ಅದೇ ಕಾಯಿಗಳನ್ನು ಯದ್ವಾತದ್ವಾ ಚೆಲ್ಲಿ ತೋರಿಸಿದಾಗ ಅವರ ಮೇಲುಗೈ ಬಹುಮಟ್ಟಿಗೆ ಮಾಯವಾಯಿತು. ಅವರ ನೆನಪಿನ ಶಕ್ತಿಯೇ ದೊಡ್ಡದಾಗಿರಲಿಲ್ಲ, ಚೆಸ್‌ನ ವಿನ್ಯಾಸಗಳು ಅವರ ತಲೆಯಲ್ಲಿ ಅಚ್ಚಾಗಿದ್ದವು. ಒಂದು ಆಟ ಕಲಿಸುವುದು ಮುಖ್ಯವಾಗಿ ಆ ಆಟವನ್ನೇ. ಚೆಸ್ ಆಡಿದರೆ ಫೋನ್ ನಂಬರ್ ತಾನಾಗಿ ನೆನಪಿರುವುದಿಲ್ಲ. ಹಾಗಾಗಿ ಬೇರೆ ಬೇರೆ ಬೇಡಿಕೆಯ ಆಟಗಳನ್ನು ಬೆರೆಸಬೇಕು, ಒಂದು ಆಟ ಸಲೀಸಾದ ಕೂಡಲೇ ಅದನ್ನು ಕಷ್ಟ ಮಾಡಿಕೊಳ್ಳಬೇಕು. ಇಡೀ ಮಾರ್ಗದರ್ಶಿ ನಿಂತಿರುವುದು ಈ ಎರಡು ಮಾತಿನ ಮೇಲೆ.

ಹೆಜ್ಜೆ 1: ಯಾವ ಆಟ ಏನು ಕೇಳುತ್ತದೆ ಎಂದು ನೋಡಿ ಆರಿಸಿ

ಆಟ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ನನ್ನ ಸರದಿ ಬಂದಾಗ ನಾನು ನಿರ್ಧರಿಸಬೇಕಾದದ್ದು ಏನಾದರೂ ಇದೆಯೇ? ಹಾವು-ಏಣಿಯಲ್ಲಿ ಏನೂ ಇಲ್ಲ. ದಾಳ ಹೇಳಿದಷ್ಟು ಮನೆ ಎಣಿಸಿ ಕಾಯಿ ಇಡುವುದಷ್ಟೇ. ಎಣಿಕೆ ಕಲಿಯುವ ಮಗುವಿಗೆ ಅದು ಒಳ್ಳೆಯದು, ಇಲ್ಲಿನ ಉದ್ದೇಶಕ್ಕೆ ಪ್ರಯೋಜನವಿಲ್ಲ. ಲೂಡೋದಲ್ಲಿ ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಬೇಕೆಂಬ ಸಣ್ಣ ಆಯ್ಕೆ ಇದೆ. ಬ್ಯಾಕ್‌ಗ್ಯಾಮನ್‌ನಲ್ಲಿ ದಾಳ ಇದ್ದರೂ ಪ್ರತಿ ಎಸೆತಕ್ಕೂ ಹಲವು ದಾರಿಗಳಿರುತ್ತವೆ, ಸಾಧ್ಯತೆಯ ಲೆಕ್ಕ ಹಾಕಲೇಬೇಕು.

ಮುಂದಾಲೋಚನೆಗೆ ಚೆಸ್, ಗೋ (ಗೆರೆಗಳು ಕೂಡುವಲ್ಲಿ ಕರಿ-ಬಿಳಿ ಕಲ್ಲು ಇಟ್ಟು ಜಾಗ ಹಿಡಿಯುವ ಆಟ), ಸಾಲುಮನೆ, ಹುಲಿ-ಕುರಿ. ಎಣಿಕೆಗೆ, ಎಣಿಸಿದ್ದನ್ನು ತಲೆಯಲ್ಲೇ ಇಟ್ಟುಕೊಳ್ಳುವುದಕ್ಕೆ ಅಳಗುಳಿಮಣೆ. ಅಲ್ಪಕಾಲದ ನೆನಪಿಗೆ ಜೋಡಿ ಹುಡುಕುವ ಚೀಟಿಯಾಟ. ಪದಸಂಪತ್ತನ್ನು ಕೆದಕಲು ಸ್ಕ್ರ್ಯಾಬಲ್ ಥರದ ಪದ ಕಟ್ಟುವ ಆಟ. ಸುಳಿವಿನಿಂದ ತೀರ್ಮಾನಕ್ಕೆ ಬರುವುದಕ್ಕೆ ಬಣ್ಣದ ಗುಂಡಿಗಳ ಗುಟ್ಟಿನ ಸಾಲನ್ನು ಊಹಿಸುವ ಮಾಸ್ಟರ್‌ಮೈಂಡ್, ಅಥವಾ ಕಾಗದ-ಪೆನ್ನಿನಲ್ಲೇ ಆಡಬಹುದಾದ ಅದರ ಅಂಕಿಗಳ ರೂಪ.

ಇವುಗಳಲ್ಲಿ ಮೂರನ್ನು ಆರಿಸಿಕೊಳ್ಳಿ: ಮುಂದಾಲೋಚನೆಯದೊಂದು, ನೆನಪಿನದೊಂದು, ತರ್ಕದ್ದೊಂದು. ಒಂದಾದರೂ ನಿಮಗೆ ತೀರಾ ಹೊಸದಾಗಿರಲಿ. ಹೊಸ ಆಟದ ನಿಯಮ ಕಲಿಯುವ ಮೊದಲ ವಾರದ ಒದ್ದಾಟವೇ ತುಂಬ ಬೆಲೆಯುಳ್ಳ ಕಸರತ್ತು, ಅದನ್ನು ತಪ್ಪಿಸಿಕೊಳ್ಳಬೇಡಿ. ಒಂದೇ ಸಲ ಐದಾರು ಆಟ ಶುರು ಮಾಡಿದವರು ಮಾತ್ರ ಯಾವುದರಲ್ಲೂ ನಿಯಮದಿಂದಾಚೆಗೆ ಹೋಗುವುದಿಲ್ಲ.

ಹೆಜ್ಜೆ 2: ಮಣೆ, ಬೆಳಕು, ಹೊತ್ತು

ಚೆಸ್‌ಗೆ ಸ್ಪರ್ಧೆಯ ಅಳತೆಯ ಮಣೆಯೇ ಒಳ್ಳೆಯದು: ಪ್ರತಿ ಮನೆ 5ರಿಂದ 6 ಸೆಂ.ಮೀ., ರಾಜನ ಎತ್ತರ ಸುಮಾರು 9.5 ಸೆಂ.ಮೀ. ಪ್ರಯಾಣಕ್ಕೆಂದು ಮಾಡಿದ ಪುಟ್ಟ ಮಣೆಯಲ್ಲಿ ಕಣ್ಣು ಬೇಗ ದಣಿಯುತ್ತದೆ. ಕಣ್ಣಿನ ದಣಿವನ್ನೇ ಅನೇಕರು ತಲೆಯ ದಣಿವೆಂದು ತಿಳಿದು ಆಟ ಬಿಟ್ಟುಬಿಡುತ್ತಾರೆ. ಹೊಳಪಿನ ಮಣೆ ಬೇಡ, ಮೇಲಿನ ದೀಪ ಅದರಲ್ಲಿ ಪ್ರತಿಫಲಿಸಿ ಅರ್ಧ ಮಣೆ ಕಾಣದಂತಾಗುತ್ತದೆ. ದೀಪ ಆಟಗಾರರ ಪಕ್ಕದಿಂದ ಬೀಳಲಿ. ಕಂದು ಮನೆಯ ಮೇಲೆ ಕಂದು ಕಾಯಿ ಇರುವಂಥ ಜೋಡಿ ನೋಡಲು ಚೆಂದ, ಆಡಲು ಕಷ್ಟ. ಕಾಯಿಗೂ ಮನೆಗೂ ಬಣ್ಣದಲ್ಲಿ ಸ್ಪಷ್ಟ ವ್ಯತ್ಯಾಸವಿರಲಿ. ಕೈ ನಡುಗುವವರಿಗೆ ತಳದಲ್ಲಿ ತೂಕವಿರುವ ಕಾಯಿಗಳು ಬೇಕು. ಒಂದು ಕಾಯಿ ಮುಟ್ಟಲು ಹೋಗಿ ಮೂರು ಬೀಳಿಸಿದ ಮುಜುಗರದಿಂದಲೇ ಹಿರಿಯರು ಆಟದಿಂದ ಹಿಂದೆ ಸರಿಯುವುದುಂಟು.

ಇವಲ್ಲದೆ ನಡೆಗಳನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್, ಪೆನ್ಸಿಲ್, ಮಣೆ ಮುಚ್ಚುವಷ್ಟು ದೊಡ್ಡ ಬಟ್ಟೆ ಬೇಕು. ಬಟ್ಟೆ ಏಕೆಂದು ಮುಂದೆ ಗೊತ್ತಾಗುತ್ತದೆ.

ವಾರಕ್ಕೆ ನಾಲ್ಕು ದಿನ, ಒಂದು ಕೂತಿಗೆ 45 ನಿಮಿಷ ಸಾಕು. 5 ನಿಮಿಷ ನೆನಪಿನ ಸಣ್ಣ ಕಸರತ್ತು, 25 ನಿಮಿಷ ಆಟ, 15 ನಿಮಿಷ ಆಡಿದ್ದರ ಪರಿಶೀಲನೆ. ವಾರವೆಲ್ಲ ಬಿಟ್ಟು ಭಾನುವಾರ ಮೂರು ತಾಸು ಒಂದೇ ಸಮ ಆಡುವುದು ಮನರಂಜನೆಗೆ ಸರಿ, ಅಭ್ಯಾಸಕ್ಕೆ ಸರಿಹೋಗದು. ಎರಡನೇ ತಾಸಿಗೆ ಗಮನ ಚೆದುರಿರುತ್ತದೆ, ಕಲಿತದ್ದರ ನಡುವೆ ಬಿಡುವೂ ಸಿಕ್ಕಿರುವುದಿಲ್ಲ. ಊಟವಾದ ಕೂಡಲೇ ಕೂರಬೇಡಿ. ಯಾವ ಹೊತ್ತಿನಲ್ಲಿ ನಿಮ್ಮ ತಲೆ ಹಗುರವಾಗಿರುತ್ತದೋ ಅದೇ ಹೊತ್ತನ್ನು ಖಾಯಂ ಮಾಡಿಕೊಳ್ಳಿ.

ಹೆಜ್ಜೆ 3: ಸಾಲುಮನೆಯಿಂದ ಶುರು ಮಾಡಿ

ಚೆಸ್ ಬರುವವರೂ ಸಾಲುಮನೆಯಿಂದ ಶುರು ಮಾಡಲಿ ಎನ್ನುವುದು ನಮ್ಮ ಸಲಹೆ. ನಿಯಮ ಹತ್ತು ನಿಮಿಷದಲ್ಲಿ ಬರುತ್ತದೆ, ಆಟ ಕಾಲು ತಾಸಿನಲ್ಲಿ ಮುಗಿಯುತ್ತದೆ, ಆದರೂ ಮುಂದಿನ ಎರಡು ಮೂರು ನಡೆ ನೋಡದವರು ಸೋತೇ ಸೋಲುತ್ತಾರೆ.

ಮಣೆ ಬರೆಯಲು ಗಟ್ಟಿ ರಟ್ಟಿನ ಮೇಲೆ 24 ಸೆಂ.ಮೀ. ಬದಿಯ ಚೌಕ ಎಳೆಯಿರಿ. ಅದರೊಳಗೆ ಸರಿಯಾಗಿ ನಡುವೆ 16 ಸೆಂ.ಮೀ. ಚೌಕ, ಅದರೊಳಗೆ 8 ಸೆಂ.ಮೀ. ಚೌಕ. ಪ್ರತಿ ಬದಿಯ ನಡುಬಿಂದುವಿನಿಂದ ಹೊರಚೌಕ, ನಡುಚೌಕ, ಒಳಚೌಕಗಳನ್ನು ಸೇರಿಸುವ ನೇರ ಗೆರೆ ಎಳೆಯಿರಿ. ಒಳಚೌಕದ ಒಳಗೆ ಗೆರೆ ಹೋಗಬಾರದು. ಮೂಲೆಗಳು ಮತ್ತು ನಡುಬಿಂದುಗಳು ಸೇರಿ 24 ಮನೆಗಳಾಗುತ್ತವೆ. ಕಾಯಿಗಳ ಅಗಲ 2.5 ಸೆಂ.ಮೀ. ಮೀರದಿರಲಿ. ಒಳಚೌಕದಲ್ಲಿ ಮನೆಗಳ ನಡುವೆ ಇರುವುದು 4 ಸೆಂ.ಮೀ. ಮಾತ್ರ, ದೊಡ್ಡ ಕಾಯಿಗಳಿದ್ದರೆ ಗೆರೆಯೇ ಕಾಣುವುದಿಲ್ಲ.

ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ. ಮೊದಲ ಹಂತದಲ್ಲಿ ಸರದಿಯಂತೆ ಒಂದೊಂದೇ ಕಾಯಿಯನ್ನು ಖಾಲಿ ಮನೆಯಲ್ಲಿ ಇಡುತ್ತ ಹೋಗಬೇಕು. ಹದಿನೆಂಟೂ ಮುಗಿದ ಮೇಲೆ ಎರಡನೇ ಹಂತ: ಗೆರೆಯ ಗುಂಟ ಪಕ್ಕದ ಖಾಲಿ ಮನೆಗೆ ಒಂದು ಕಾಯಿ ಸರಿಸಬೇಕು. ಯಾವ ಹಂತದಲ್ಲೇ ಆಗಲಿ, ಒಂದೇ ಗೆರೆಯಲ್ಲಿ ನಿಮ್ಮ ಮೂರು ಕಾಯಿ ಸೇರಿ ಸಾಲು ಕಟ್ಟಿದರೆ ಎದುರಾಳಿಯ ಒಂದು ಕಾಯಿ ತೆಗೆಯಬಹುದು. ಸಾಲಿನಲ್ಲಿರುವ ಕಾಯಿಯನ್ನು ಮುಟ್ಟುವಂತಿಲ್ಲ, ಅವರ ಎಲ್ಲ ಕಾಯಿಗಳೂ ಸಾಲಿನಲ್ಲೇ ಇದ್ದರೆ ಮಾತ್ರ ತೆಗೆಯಬಹುದು. ಎರಡೇ ಕಾಯಿ ಉಳಿದವರು, ಅಥವಾ ಸರಿಸಲು ಜಾಗವಿಲ್ಲದವರು ಸೋತಂತೆ.

ಆಟದ ನಡುವೆ ಜಗಳ ಹುಟ್ಟುವುದು ಮೂರು ಕಡೆ, ಆದ್ದರಿಂದ ಮೊದಲೇ ಮಾತಾಡಿಕೊಳ್ಳಿ. ಮೂರೇ ಕಾಯಿ ಉಳಿದವರು ಎಲ್ಲಿಗೆ ಬೇಕಾದರೂ ಹಾರಬಹುದೇ? ಹೊಸಬರಿಗೆ ಹಾರಲು ಬಿಟ್ಟರೆ ಆಟ ರಂಗೇರುತ್ತದೆ. ಒಂದೇ ನಡೆಯಲ್ಲಿ ಎರಡು ಸಾಲು ಕೂಡಿದರೆ ಎಷ್ಟು ಕಾಯಿ? ಒಂದೇ ಎಂದಿಟ್ಟುಕೊಳ್ಳಿ. ಇಬ್ಬರೂ ಅದೇ ಕಾಯಿಯನ್ನು ಹಿಂದೆ ಮುಂದೆ ಆಡಿಸುತ್ತ ಕೂತರೆ? ಮಣೆಯ ಸ್ಥಿತಿ ಮೂರನೇ ಸಲ ಹಾಗೇ ಬಂದರೆ ಡ್ರಾ. ಅಂದಹಾಗೆ, ಇಬ್ಬರೂ ಒಂದೂ ತಪ್ಪು ಮಾಡದೆ ಆಡಿದರೆ ಈ ಆಟ ಡ್ರಾ ಆಗಲೇಬೇಕೆಂದು ರಾಲ್ಫ್ ಗಾಸರ್ 1993ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ. ಸೋಲು ಎಂದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ, ಹುಡುಕಿದರೆ ಸಿಗುತ್ತದೆ.

ಹೊಸಬರು ಮೂಲೆಗಳಿಗೆ ಮುಗಿಬೀಳುತ್ತಾರೆ. ಗೆರೆಗಳನ್ನು ಎಣಿಸಿ ನೋಡಿ: ಹನ್ನೆರಡು ಮೂಲೆಗಳಿಂದ ಎರಡೆರಡೇ ದಾರಿ. ಹೊರಚೌಕ ಮತ್ತು ಒಳಚೌಕದ ಎಂಟು ನಡುಬಿಂದುಗಳಿಂದ ಮೂರು ಮೂರು. ನಡುಚೌಕದ ನಾಲ್ಕು ನಡುಬಿಂದುಗಳಿಂದ ಮಾತ್ರ ನಾಲ್ಕು ನಾಲ್ಕು ದಾರಿ. ಮೊದಲ ಕಾಯಿಗಳು ಆ ನಾಲ್ಕು ಕಡೆ ಹೋಗಬೇಕು. ಇನ್ನೊಂದು ತಪ್ಪು ಎಂದರೆ ಮೊದಲ ಹಂತದಲ್ಲೇ ಸಾಲು ಕಟ್ಟುವ ಆಸೆಗೆ ಬಿದ್ದು ಎಲ್ಲ ಕಾಯಿಗಳನ್ನೂ ಒಂದೇ ಪಕ್ಕಕ್ಕೆ ತುಂಬುವುದು. ಎರಡನೇ ಹಂತ ಬಂದಾಗ ಸರಿಯಲು ಜಾಗವಿರುವುದಿಲ್ಲ.

ಕಲಿಯಲೇಬೇಕಾದ ವಿನ್ಯಾಸ ಜೋಡಿಸಾಲು. ಹೊರಚೌಕದ ಎಡಬದಿಯ ಮೂರೂ ಮನೆಗಳಲ್ಲಿ ನಿಮ್ಮ ಕಾಯಿಗಳಿವೆ, ನಡುಚೌಕದ ಎಡಬದಿಯ ಎರಡು ಮೂಲೆಗಳಲ್ಲೂ ಇವೆ, ಅವೆರಡರ ನಡುವಿನ ಮನೆ ಖಾಲಿ ಎಂದುಕೊಳ್ಳಿ. ಹೊರಸಾಲಿನ ನಡುಕಾಯಿಯನ್ನು ಒಳಕ್ಕೆ ಸರಿಸಿದರೆ ಅಲ್ಲೊಂದು ಸಾಲು, ಹಿಂದಕ್ಕೆ ಸರಿಸಿದರೆ ಇಲ್ಲೊಂದು ಸಾಲು. ಪ್ರತಿ ನಡೆಗೂ ಎದುರಾಳಿಯ ಒಂದು ಕಾಯಿ ಹೋಗುತ್ತದೆ. ಇದು ಕೂಡಿಬಂದ ಮೇಲೆ ತಡೆಯುವುದು ಬಹಳ ಕಷ್ಟ. ಐದು ಕಾಯಿಗಳಲ್ಲಿ ನಾಲ್ಕು ಕೂತಾಗಲೇ ಎದುರಾಳಿ ಇದನ್ನು ಗುರುತಿಸಬೇಕು. ಬುದ್ಧಿಗೆ ಸಾಣೆ ಎನ್ನುವುದು ಈ ಗುರುತಿಸುವಿಕೆಯಲ್ಲಿದೆ.

ಈಗ ಅಭ್ಯಾಸದ ಕ್ರಮ. ಮೊದಲ ನಾಲ್ಕೈದು ಆಟ ಬರೇ ನಿಯಮಕ್ಕೆ, ಇಬ್ಬರೂ ಬಾಯಿಬಿಟ್ಟು ಮಾತಾಡುತ್ತ ಆಡಿ. ಆಮೇಲೆ ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮ ತನ್ನಿ. ಇದೊಂದರಿಂದಲೇ ಕೈಗಿಂತ ಮೊದಲು ತಲೆ ಓಡತೊಡಗುತ್ತದೆ. ಪ್ರತಿ ನಡೆಗೆ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ಸರದಿಯಲ್ಲಿ ಅವರು ಎಲ್ಲಿ ಸಾಲು ಕಟ್ಟಬಲ್ಲರು? ನಾನು ಎಲ್ಲಿ ಕಟ್ಟಬಲ್ಲೆ? ಈ ನಡೆಯಾದ ಮೇಲೆ ನನ್ನ ಎಷ್ಟು ಕಾಯಿಗಳಿಗೆ ಸರಿಯಲು ಜಾಗ ಉಳಿಯುತ್ತದೆ? ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ, ಸಿಕ್ಕಿಹಾಕಿಕೊಂಡು ಸೋಲುವುದು ಅದರಿಂದಲೇ.

ಇದು ರೂಢಿಯಾದ ಮೇಲೆ ಬಟ್ಟೆಯ ಕಸರತ್ತು. ಮೊದಲ ಹಂತ ಮುಗಿದ ಕೂಡಲೇ ಮಣೆಯ ಮೇಲೆ ಬಟ್ಟೆ ಮುಚ್ಚಿ. ಮೊದಲೇ ಬರೆದಿಟ್ಟ ಖಾಲಿ ಮಣೆಯ ಚಿತ್ರದಲ್ಲಿ ಎಲ್ಲ ಕಾಯಿಗಳ ಜಾಗ ಗುರುತಿಸಿ, ಬಟ್ಟೆ ತೆಗೆದು ಹೋಲಿಸಿ. ಅರ್ಧದಷ್ಟು ಸರಿ ಬಂದರೆ ಒಳ್ಳೆಯ ಆರಂಭ. ಎಲ್ಲಿ ತಪ್ಪಿತು ಎಂಬುದನ್ನೂ ಗಮನಿಸಿ. ಸಾಮಾನ್ಯವಾಗಿ ನಮ್ಮ ಕಾಯಿಗಳು ನೆನಪಿರುತ್ತವೆ, ಎದುರಾಳಿಯವು ಮರೆತಿರುತ್ತವೆ. ನೆನಪು ದುರ್ಬಲವೆಂದಲ್ಲ, ಅವರು ಏಕೆ ಅಲ್ಲಿಟ್ಟರು ಎಂದು ನಾವು ಕೇಳಿಕೊಂಡೇ ಇರಲಿಲ್ಲ. ಕಾರಣ ಗೊತ್ತಿದ್ದ ಕಾಯಿ ಜಾಗ ಬಿಟ್ಟು ಹೋಗುವುದಿಲ್ಲ.

ಹೆಜ್ಜೆ 4: ತರ್ಕಕ್ಕೆ ಅಂಕಿಗಳ ಆಟ

ಒಬ್ಬರು ನಾಲ್ಕು ಬೇರೆ ಬೇರೆ ಅಂಕಿಗಳ ಸಂಖ್ಯೆಯೊಂದನ್ನು ಗುಟ್ಟಾಗಿ ಬರೆದಿಟ್ಟುಕೊಳ್ಳಬೇಕು. ಸೊನ್ನೆ ಮೊದಲಲ್ಲೂ ಬರಬಹುದೆಂದಾದರೆ ಒಟ್ಟು 5,040 ಸಾಧ್ಯತೆಗಳು. ಇನ್ನೊಬ್ಬರು ಊಹೆ ಹೇಳುತ್ತ ಹೋಗಬೇಕು. ಪ್ರತಿ ಊಹೆಗೂ ಎರಡು ಉತ್ತರ: ಎಷ್ಟು ಅಂಕಿ ಸರಿಯಾದ ಜಾಗದಲ್ಲಿವೆ, ಎಷ್ಟು ಅಂಕಿ ಇವೆ ಆದರೆ ಬೇರೆ ಜಾಗದಲ್ಲಿವೆ.

ಗುಟ್ಟಿನ ಸಂಖ್ಯೆ 4071 ಎಂದುಕೊಳ್ಳಿ. ಮೊದಲ ಊಹೆ 1234. ಉತ್ತರ: ಸರಿ ಜಾಗ 0, ಬೇರೆ ಜಾಗ 2. ಎರಡನೇ ಊಹೆ 5678. ಉತ್ತರ: ಸರಿ ಜಾಗ 1, ಬೇರೆ ಜಾಗ 0. ಇಲ್ಲಿ ನಿಂತು ಲೆಕ್ಕ ಹಾಕಿ. ಒಂದರಿಂದ ಎಂಟರವರೆಗಿನ ಅಂಕಿಗಳಲ್ಲಿ ಮೂರು ಸಿಕ್ಕವು. ನಾಲ್ಕನೆಯದು 9 ಅಥವಾ 0, ಎರಡರಲ್ಲಿ ಒಂದೇ ಒಂದು. ಇಷ್ಟನ್ನು ಕಾಣದವರು ಮೂರನೇ ಊಹೆಯಾಗಿ 1579 ಎಂದುಬಿಡುತ್ತಾರೆ. ಆದರೆ 1 ಮೊದಲ ಜಾಗದಲ್ಲಿಲ್ಲ ಎಂದು ಮೊದಲ ಉತ್ತರವೇ ಹೇಳಿತ್ತು, ಹಾಗಾಗಿ ಈ ಊಹೆ ಉತ್ತರವಾಗುವ ಮಾತೇ ಇಲ್ಲ. 2179 ಎಂದರೆ ಹಿಂದಿನ ಎರಡೂ ಉತ್ತರಗಳಿಗೆ ಹೊಂದುತ್ತದೆ: 2 ಮತ್ತು 1 ಜಾಗ ಬದಲಿಸಿವೆ, 7 ತನ್ನ ಜಾಗದಲ್ಲೇ ಇದೆ, ಕೊನೆಗೆ 9. ಉತ್ತರ ಬರುತ್ತದೆ: ಸರಿ ಜಾಗ 1, ಬೇರೆ ಜಾಗ 1. ಇಲ್ಲಿಂದ ಮುಂದೆ ನೀವೇ ಬಿಡಿಸಿ. ಪಾಲಿಸಬೇಕಾದ ನಿಯಮ ಇಷ್ಟೇ, ಈವರೆಗಿನ ಎಲ್ಲ ಉತ್ತರಗಳಿಗೂ ಹೊಂದುವ ಸಂಖ್ಯೆಯನ್ನು ಮಾತ್ರ ಹೇಳಬೇಕು.

ಉತ್ತರ ಕೊಡುವವರು ಲೆಕ್ಕ ತಪ್ಪಿದರೆ ಇಡೀ ಆಟ ಹಾಳಾಗುತ್ತದೆ. ಆದ್ದರಿಂದ ಸರಿ ಜಾಗದವನ್ನು ಮೊದಲು ಎಣಿಸಿ, ಅವುಗಳಿಗೆ ಅಡ್ಡಗೆರೆ ಎಳೆದು, ಉಳಿದವನ್ನು ಆಮೇಲೆ ಎಣಿಸಿ. ಹೊಸಬರಿಗೆ ಮೂರು ಅಂಕಿ ಸಾಕು. ಪಳಗಿದ ಮೇಲೆ ಹಿಂದಿನ ಊಹೆಗಳನ್ನು ಬರೆದುಕೊಳ್ಳದೆ ಆಡಿ ನೋಡಿ, ಆಟವೇ ಬೇರೆಯಾಗುತ್ತದೆ. ಬಣ್ಣದ ಗುಂಡಿಗಳ ಮಾಸ್ಟರ್‌ಮೈಂಡ್‌ನಲ್ಲಿ ಆರು ಬಣ್ಣ, ನಾಲ್ಕು ಜಾಗ ಸೇರಿ 1,296 ಸಾಧ್ಯತೆಗಳು. ಐದು ಊಹೆಯೊಳಗೆ ಯಾವುದನ್ನಾದರೂ ಬಿಡಿಸಬಹುದೆಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1977ರಲ್ಲಿ ತೋರಿಸಿದರು.

ಹೆಜ್ಜೆ 5: ನೆನಪಿಗೆ ಜೋಡಿ ಚೀಟಿ

ಆರು ಜೋಡಿ, ಅಂದರೆ 12 ಚೀಟಿಗಳನ್ನು ಮೂರು ಸಾಲು, ನಾಲ್ಕು ಕಂಬಗಳಾಗಿ ಕವುಚಿ ಹರಡಿ. ಒಂದು ಸರದಿಗೆ ಎರಡು ಚೀಟಿ ತೆರೆಯಬೇಕು, ಜೋಡಿಯಾದರೆ ನಿಮ್ಮದು. ಹೊಸ ಚೀಟಿಯನ್ನು ಮೊದಲು ತೆರೆಯಿರಿ, ಅದರ ಜೊತೆ ಎಲ್ಲಿದೆಯೆಂದು ಗೊತ್ತಿದ್ದರೆ ಎರಡನೆಯದಾಗಿ ಅದನ್ನು ತೆರೆಯಿರಿ. ಗೊತ್ತಿರುವುದನ್ನು ಮೊದಲು ತೆರೆದವರು ಎರಡನೆಯದರಲ್ಲಿ ಅದೃಷ್ಟವನ್ನೇ ನಂಬಬೇಕಾಗುತ್ತದೆ. ಚೀಟಿಗಳು ಅಚ್ಚುಕಟ್ಟಾದ ಸಾಲಿನಲ್ಲೇ ಇರಲಿ, ತೆಗೆದ ಜಾಗ ಖಾಲಿ ಉಳಿಯಲಿ. ಕೈತಾಗಿ ಜರುಗಿದರೆ ಜಾಗದ ನೆನಪು ಕೆಡುತ್ತದೆ. ಸಲೀಸಾದಾಗ 20, ಆಮೇಲೆ 36 ಚೀಟಿ.

ಹೆಜ್ಜೆ 6: ಆಡಿದ್ದನ್ನು ತಿರುಗಿ ನೋಡುವುದು

ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ಹೆಚ್ಚು ಫಲ ಕೊಡುವುದೂ ಇದೇ. ಸೋತವರಿಗೆ ಮತ್ತೆ ಆ ಮಣೆಯನ್ನು ನೋಡುವ ಮನಸ್ಸಿರುವುದಿಲ್ಲ, ಗೆದ್ದವರಿಗೆ ನೋಡುವ ಅಗತ್ಯ ಕಾಣುವುದಿಲ್ಲ. ಆದ್ದರಿಂದ ಆಟಕ್ಕೆ ಕೂರುವ ಮೊದಲೇ ಕೊನೆಯ 15 ನಿಮಿಷ ಇದಕ್ಕೆಂದು ಇಬ್ಬರೂ ಒಪ್ಪಿಕೊಳ್ಳಿ. ಹೊತ್ತಾದರೆ ಆಟವನ್ನೇ ಅರ್ಧಕ್ಕೆ ನಿಲ್ಲಿಸಿ, ಪರಿಶೀಲನೆಯನ್ನು ಬಿಡಬೇಡಿ.

ಮೊದಲು ಕಾಯಿಗಳನ್ನು ಆರಂಭದ ಸ್ಥಿತಿಗೆ ತಂದು, ಬರೆದದ್ದನ್ನು ನೋಡದೆ, ನೆನಪಿನಿಂದಲೇ ಆಟವನ್ನು ಮತ್ತೆ ನಡೆಸಿ. ಚೆಸ್‌ನಲ್ಲಿ ಮೊದಲಿಗೆ ಆರೇಳು ನಡೆಗೆ ನಿಂತುಹೋಗುತ್ತದೆ. ನಿಂತಲ್ಲಿ ಒಂದು ನಿಮಿಷ ಪ್ರಯತ್ನಿಸಿ, ಆಮೇಲಷ್ಟೇ ಬರೆದದ್ದನ್ನು ನೋಡಿ. ನೋಡಿ ಓದುವುದಕ್ಕಿಂತ ನೆನಪಿನಿಂದ ಎಳೆದು ತರುವುದೇ ಕಲಿಕೆಯನ್ನು ಗಟ್ಟಿ ಮಾಡುತ್ತದೆ.

ಆಮೇಲೆ ಆಟ ತಿರುಗಿದ ಮೂರು ಸ್ಥಳಗಳನ್ನು ಹುಡುಕಿ. ಮೂರಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ತಪ್ಪಿನ ಜಾತಿ ಬರೆಯಿರಿ:

– ಕಾಣಲಿಲ್ಲ: ಎದುರಾಳಿ ಏನು ಮಾಡಬಹುದೆಂದು ನೋಡಲೇ ಇಲ್ಲ.
– ಎಣಿಕೆ ತಪ್ಪಿತು: ನೋಡಿದೆ, ಲೆಕ್ಕ ಹಾಕಿದೆ, ನಡುವೆ ಒಂದು ನಡೆ ಜಾರಿತು.
– ಅವಸರ: ಗೊತ್ತಿತ್ತು, ಆದರೂ ಕೈ ಮುಂದಾಯಿತು.
– ಗೊತ್ತಿರಲಿಲ್ಲ: ಇಂಥ ವಿನ್ಯಾಸವನ್ನೇ ಮೊದಲು ಕಂಡಿರಲಿಲ್ಲ.

ಹತ್ತು ಆಟವಾದ ಮೇಲೆ ಎಣಿಸಿ. ಯಾವುದು ಹೆಚ್ಚೋ ಮದ್ದು ಅದಕ್ಕೆ. "ಕಾಣಲಿಲ್ಲ" ಹೆಚ್ಚಿದ್ದರೆ ಎದುರಾಳಿಯ ಪ್ರತಿ ನಡೆಗೆ ಮುಂಚೆ ಅವರು ಏನಾಡುತ್ತಾರೆಂದು ಚೀಟಿಯಲ್ಲಿ ಬರೆದು ಮಡಚಿಡಿ, ಆಮೇಲೆ ತಾಳೆ ನೋಡಿ. ಊಹೆ ತಪ್ಪಿದಾಗಲೂ ಲಾಭವೇ, ಏಕೆಂದರೆ ಊಹಿಸಲು ಅವರ ಕಡೆಯಿಂದ ಮಣೆ ನೋಡಿರುತ್ತೀರಿ. "ಎಣಿಕೆ ತಪ್ಪಿತು" ಹೆಚ್ಚಿದ್ದರೆ ಕಾಯಿ ಮುಟ್ಟದೆ ಮೂರು ನಡೆಗಳನ್ನು ಪಿಸುಮಾತಿನಲ್ಲಿ ಹೇಳಿಕೊಳ್ಳಿ, ಆ ಮೂರೂ ಆದ ಮೇಲೆ ಯಾವ ಮನೆ ಖಾಲಿಯಾಗಿರುತ್ತದೆ ಎಂದು ಕೇಳಿಕೊಳ್ಳಿ. ತಪ್ಪುವುದು ಬಹುತೇಕ ಅಲ್ಲೇ: ನಡೆದುಹೋದ ಕಾಯಿ ತಲೆಯೊಳಗೆ ಹಳೆಯ ಮನೆಯಲ್ಲೇ ಕೂತಿರುತ್ತದೆ. "ಅವಸರ" ಹೆಚ್ಚಿದ್ದರೆ ಸರದಿ ಬಂದಾಗ ಕೈಗಳನ್ನು ತೊಡೆಯ ಕೆಳಗಿಟ್ಟು ಕೂರಿ. ಚಿಕ್ಕ ಮಕ್ಕಳಿಗೆ ಹೇಳುವ ಉಪಾಯದಂತೆ ಕಂಡರೂ ದೊಡ್ಡವರಿಗೂ ಅಷ್ಟೇ ಕೆಲಸ ಮಾಡುತ್ತದೆ. "ಗೊತ್ತಿರಲಿಲ್ಲ" ಹೆಚ್ಚಿದ್ದರೆ ಮಾತ್ರ ಪುಸ್ತಕ ಅಥವಾ ಒಗಟುಗಳ ಸಹಾಯ ಬೇಕು. ಎಲ್ಲ ಸೋಲಿಗೂ ಪುಸ್ತಕ ಓದುವುದೇ ಮದ್ದೆಂದು ಹೊರಡುವುದು ಬಹಳ ಜನ ಮಾಡುವ ತಪ್ಪು.

ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಆಡುವವರು ಸುಳಿವು ತೋರಿಸುವ ಮತ್ತು ನಡೆ ಹಿಂಪಡೆಯುವ ಸೌಲಭ್ಯಗಳನ್ನು ಬಂದ್ ಮಾಡಿಡಿ. ಚೆಸ್ ನಡೆಗಳ ಲೆಕ್ಕ ಹಾಕುವ ತಂತ್ರಾಂಶವಾದ ಎಂಜಿನ್‌ನಿಂದ ತಪ್ಪು ಹುಡುಕಿಸುವುದು ನಿಮ್ಮ ಮೂರು ಸ್ಥಳಗಳನ್ನು ನೀವೇ ಗುರುತಿಸಿದ ಮೇಲಿರಲಿ. ಮೊದಲೇ ಕೇಳಿದರೆ ಉತ್ತರ ಸಿಗುತ್ತದೆ, ಹುಡುಕುವ ಕಸರತ್ತು ತಪ್ಪಿಹೋಗುತ್ತದೆ. ಒಂದೆರಡು ನಿಮಿಷದ ಓಟದ ಚೆಸ್ ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಮಾಡಿಸುತ್ತದೆ, ಅದನ್ನು ಈ ಅಭ್ಯಾಸದ ಲೆಕ್ಕಕ್ಕೆ ಹಿಡಿಯಬೇಡಿ.

ಹೆಜ್ಜೆ 7: ಕಷ್ಟ ಹೆಚ್ಚಿಸುವ ಲೆಕ್ಕ

ಹತ್ತರಲ್ಲಿ ನಾಲ್ಕರಿಂದ ಆರು ಆಟ ಗೆಲ್ಲುತ್ತಿದ್ದರೆ ಮಟ್ಟ ಸರಿಯಾಗಿದೆ. ಏಳಕ್ಕಿಂತ ಹೆಚ್ಚು ಗೆದ್ದರೆ ಆಟ ನಿಮಗೆ ಹಗುರವಾಯಿತು. ಮೂರಕ್ಕಿಂತ ಕಡಿಮೆಯಾದರೆ ಯೋಚಿಸುವ ಉತ್ಸಾಹವೇ ಬತ್ತುತ್ತದೆ. ಚೆಸ್ ಮಟ್ಟ ಅಳೆಯುವ ಈಲೊ ಅಂಕದಲ್ಲಿ 200ರ ಅಂತರವಿದ್ದರೆ ಬಲಾಢ್ಯರು ನೂರಕ್ಕೆ 76 ಅಂಕ ಗಳಿಸುತ್ತಾರೆಂಬ ಲೆಕ್ಕವಿದೆ, ಆನ್‌ಲೈನ್ ಜೊತೆಗಾರರನ್ನು ಆರಿಸುವಾಗ ಇದು ನೆನಪಿರಲಿ.

ಜೊತೆಗಾರ ಒಬ್ಬನೇ ಆದಾಗ ಆಟವನ್ನೇ ವಾಲಿಸಬೇಕು. ಚೆಸ್‌ನಲ್ಲಿ ಬಲಾಢ್ಯರು ಒಂದು ಕುದುರೆ, ಅಂತರ ದೊಡ್ಡದಾದರೆ ಒಂದು ಆನೆ ಅಥವಾ ರಾಣಿಯನ್ನು ಬಿಟ್ಟುಕೊಟ್ಟು ಶುರು ಮಾಡಲಿ. ಗೋ ಆಟದಲ್ಲಿ ಇದಕ್ಕೆ ಒಪ್ಪಿತ ಪದ್ಧತಿಯೇ ಇದೆ: ದುರ್ಬಲರು ಎರಡರಿಂದ ಒಂಬತ್ತು ಕಲ್ಲುಗಳನ್ನು ಮೊದಲೇ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಮಣೆಯೂ ಬೆಳೆಯುತ್ತದೆ, 9×9ರಿಂದ ಶುರುವಾಗಿ 13×13, ಕೊನೆಗೆ 19×19. ಒಂದೇ ಸಲಕ್ಕೆ ದೊಡ್ಡ ಮಣೆಗೆ ಹಾರಿದವರು ದಿಕ್ಕು ತಪ್ಪಿ ಬಿಟ್ಟುಬಿಡುತ್ತಾರೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಸಮಯವನ್ನೂ ಕಡಿಮೆ ಮಾಡಿ, ಬಲವಾದ ಎದುರಾಳಿಯನ್ನೂ ತಂದುಕೊಂಡರೆ ಯಾವುದರಿಂದ ತಪ್ಪಾಯಿತೆಂದು ತಿಳಿಯುವುದಿಲ್ಲ. ಎರಡು ತಿಂಗಳಿಗೊಮ್ಮೆ ಮೂರರಲ್ಲಿ ತುಂಬ ಸಲೀಸಾದ ಆಟವನ್ನು ತೆಗೆದು ಹೊಸದೊಂದನ್ನು ಸೇರಿಸಿ. ಇಷ್ಟದ ಆಟವನ್ನು ಬಿಡಬೇಕಿಲ್ಲ, ಸಂತೋಷಕ್ಕೆ ಆಡಿಕೊಳ್ಳಿ.

ಹಿರಿಯರ ಜೊತೆ ಆಡುವಾಗ

ಅಪ್ಪ-ಅಮ್ಮನನ್ನೋ ಅಜ್ಜ-ಅಜ್ಜಿಯನ್ನೋ ಆಟಕ್ಕೆ ಕೂರಿಸುವವರು ಮೊದಲು ಅವರಿಗೆ ಚಿಕ್ಕಂದಿನಲ್ಲಿ ಬರುತ್ತಿದ್ದ ಆಟದಿಂದಲೇ ಶುರು ಮಾಡಿ, ಹೊಸದನ್ನು ಎರಡನೇ ತಿಂಗಳಿಗೆ ತನ್ನಿ. 20 ನಿಮಿಷದ ಕೂತು ಸಾಕು. ಬೇಕೆಂದೇ ಸೋಲಬೇಡಿ, ಅವರಿಗೆ ಗೊತ್ತಾಗುತ್ತದೆ, ಗೊತ್ತಾದಾಗ ನೋವಾಗುತ್ತದೆ. ಅದರ ಬದಲು ನಿಮ್ಮ ಕಾಯಿ ಕಡಿಮೆ ಇಟ್ಟುಕೊಂಡು ಪೂರ್ತಿ ಬಲದಿಂದ ಆಡಿ. ನಡೆ ಹೇಳಿಕೊಡುವ ಬದಲು ಪ್ರಶ್ನೆ ಕೇಳಿ: "ನಾನು ಇಲ್ಲಿಗೆ ಬಂದರೆ ಏನು ಮಾಡ್ತೀರಿ?" ಕಿವಿ ಮಂದವಿದ್ದರೆ ಮುಖ ನೋಡಿ ಮಾತಾಡಿ. ಎಷ್ಟೋ ಸಲ ನಿಯಮ ಮರೆತರೆಂದು ನಾವು ತಿಳಿಯುವುದು, ಅವರಿಗೆ ನಿಯಮ ಕೇಳಿಸಿಯೇ ಇರದ ಸಂಗತಿ.

ವರ್ಷಗಟ್ಟಲೆ ಆಡಿದ ಆಟದ ನಿಯಮವೇ ತಪ್ಪುತ್ತಿದ್ದರೆ, ತಮ್ಮ ಸರದಿಯೇ ಮರೆಯುತ್ತಿದ್ದರೆ, ಅದು ವಾರಗಳಲ್ಲಿ ಹೆಚ್ಚುತ್ತಿದ್ದರೆ ಆಟ ಹೆಚ್ಚಿಸುವುದಲ್ಲ, ವೈದ್ಯರಿಗೆ ತೋರಿಸುವುದು ಮೊದಲ ಕೆಲಸ. ಮರೆಗುಳಿತನಕ್ಕೆ ಕಾರಣವಾಗುವ, ಆದರೆ ತಡೆಯಬಹುದಾದ 14 ಅಂಶಗಳನ್ನು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು, ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಒಂಟಿತನ, ಮೈಚಟುವಟಿಕೆ ಇಲ್ಲದಿರುವುದು ಅದರಲ್ಲಿವೆ. ಇವನ್ನು ನೋಡಿಕೊಳ್ಳದೆ ಮಣೆಯೊಂದನ್ನೇ ನೆಚ್ಚಿಕೊಳ್ಳಬಾರದು.

ಜೊತೆಗಾರರಿಲ್ಲದ ದಿನ

ಚೆಸ್ ಮಣೆ, ಎಂಟು ಕಾಯಿ ಸಾಕು. ಎಂಟನ್ನೂ ರಾಣಿಗಳೆಂದು ಭಾವಿಸಿ, ಒಂದನ್ನೊಂದು ಹೊಡೆಯದಂತೆ ಇಡಬೇಕು: ಒಂದೇ ಅಡ್ಡಸಾಲು, ಒಂದೇ ಉದ್ದಸಾಲು, ಒಂದೇ ಓರೆಸಾಲಿನಲ್ಲಿ ಎರಡು ಬರಬಾರದು. 92 ಉತ್ತರಗಳಿವೆ. ಮಣೆ ತಿರುಗಿಸಿದಾಗ, ಕನ್ನಡಿಯಲ್ಲಿ ಕಂಡಂತೆ ಮಗುಚಿದಾಗ ಬರುವವನ್ನು ಒಂದೇ ಎಂದು ಹಿಡಿದರೆ 12. ಎಡತುದಿಯ ಉದ್ದಸಾಲಿನಿಂದ ಶುರು ಮಾಡಿ ಸಾಲಿಗೊಂದರಂತೆ ಇಡುತ್ತ ಹೋಗಿ. ಜಾಗ ಸಿಗದ ಸಾಲು ಬಂದರೆ ಮಣೆ ಖಾಲಿ ಮಾಡಬೇಡಿ, ಹಿಂದಿನ ಸಾಲಿನ ಕಾಯಿಯನ್ನು ಮಾತ್ರ ಮುಂದಿನ ಮನೆಗೆ ಸರಿಸಿ ಮತ್ತೆ ನೋಡಿ. ಅಲ್ಲೂ ಆಗದಿದ್ದರೆ ಅದಕ್ಕೂ ಹಿಂದಿನದು. ಸಿಕ್ಕ ಉತ್ತರವನ್ನು ಎಂಟು ಅಂಕಿಗಳಾಗಿ ಬರೆದಿಡಿ: ಪ್ರತಿ ಉದ್ದಸಾಲಿನಲ್ಲಿ ಕೆಳಗಿನಿಂದ ಎಷ್ಟನೇ ಮನೆ ಎಂದು. ಮರುದಿನ ಆ ಅಂಕಿಗಳನ್ನು ನೋಡದೆ ಮೊದಲ ಮೂರು ರಾಣಿಗಳನ್ನು ನೆನಪಿನಿಂದ ಇಟ್ಟು, ಉಳಿದ ಐದನ್ನು ಮತ್ತೆ ಹುಡುಕಿ.